ಮಂಡಿನೋವಿಗೆ ಕೈಗೆ ಸಿಕ್ಕ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ನಮ್ಮ ಕುಮಟಾ, ಅಂಕೋಲಾ ಕಡೆ ನಾಟಿಗೆ ಬಗ್ಗಿದವರ ಸೊಂಟ, ಮೀನು ಬುಟ್ಟಿ ಹೊತ್ತು ತಿರುಗಿದವರ ಮಂಡಿ ಹಟ ಹಿಡಿಯುತ್ತವೆ. ಔಷಧ ಅಂಗಡಿಗೆ ಹೋಗಿ ‘ನೋವಿನ ಮಾತ್ರೆ ಕೊಡಿ’ ಎನ್ನುವುದೇ ರೂಢಿ. ರಕ್ತದೊತ್ತಡವಿರುವ ನನ್ನ ಅತ್ತೆಗೆ ಒಂದು ಅಂಗಡಿಯಲ್ಲಿ ಏನನ್ನೂ ವಿಚಾರಿಸದೆ ಎಟೊರಿಕಾಕ್ಸಿಬ್ ಎಂಬ ನೋವಿನ ಮಾತ್ರೆ ಕೊಟ್ಟರು. ಎರಡೇ ವಾರದಲ್ಲಿ ಪಾದ ಊದಿಕೊಂಡಿತು, ಒತ್ತಡ ಏರಿತು. ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಈ ಮಾತ್ರೆ ಕೊಡಲೇಬಾರದು.

ಸಂಧಿವಾತದ ನೋವು ಇಳಿಸುವುದರಲ್ಲಿ ಎಟೊರಿಕಾಕ್ಸಿಬ್, ನ್ಯಾಪ್ರೊಕ್ಸೆನ್, ಸೆಲೆಕಾಕ್ಸಿಬ್, ಡೈಕ್ಲೊಫೆನಾಕ್‌ನಂಥ ನೋವಿನ ಔಷಧಗಳ ನಡುವೆ ಭಾರೀ ಅಂತರವೇನಿಲ್ಲ. ಅಂತರವಿರುವುದು ಅವು ಮಾಡುವ ಹಾನಿಯಲ್ಲಿ. ನ್ಯಾಪ್ರೊಕ್ಸೆನ್ ಹೃದಯಕ್ಕೆ ತುಸು ಸೌಮ್ಯ, ಆದರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲದು. ಸೆಲೆಕಾಕ್ಸಿಬ್ ಹೊಟ್ಟೆಗೆ ಹಗುರ. ಡೈಕ್ಲೊಫೆನಾಕ್ ಮಾತ್ರೆ ಹೃದಯದ ತೊಂದರೆ ಇರುವವರಿಗೆ ಸಲ್ಲದು. ಸೆಲೆಕಾಕ್ಸಿಬ್‌ನ ಗುಂಪಿಗೇ ಸೇರಿದ್ದ ರೋಫೆಕಾಕ್ಸಿಬ್ ಅನ್ನು ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ನೆನಪಿರಬೇಕು. ಮೂತ್ರಪಿಂಡಕ್ಕಂತೂ ಇವುಗಳಲ್ಲಿ ಯಾವುದೂ ಸ್ನೇಹಿತನಲ್ಲ. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದೆ ದುಡಿಯುವವರಿಗೆ, ಬಿ.ಪಿ. ಮಾತ್ರೆ ನುಂಗುವ ಹಿರಿಯರಿಗೆ ಅಪಾಯ ಇನ್ನೂ ಹೆಚ್ಚು.

ಮಂಡಿ, ಕೈಬೆರಳುಗಳ ನೋವಿಗೆ ಮೊದಲು ಡೈಕ್ಲೊಫೆನಾಕ್ ಜೆಲ್ ಹಚ್ಚಿ ನೋಡಬಹುದು. ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇದನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಹೇಳುವುದೇ ಇಲ್ಲ! ಆರೋಗ್ಯ ಇಲಾಖೆಯವರು ವೈದ್ಯರ ಚೀಟಿಯಿಲ್ಲದೆ ನಡೆಯುವ ಈ ಮಾರಾಟವನ್ನು ತಡೆಯಲಿ. ಹೊಟ್ಟೆಹುಣ್ಣು, ಬಿ.ಪಿ., ಮೂತ್ರಪಿಂಡದ ತೊಂದರೆ ಇದೆಯೇ ಎಂದು ಕೇಳದೆ ಯಾವ ಅಂಗಡಿಯೂ ಈ ಮಾತ್ರೆ ಕೊಡದಂತೆ ನೋಡಿಕೊಳ್ಳಲಿ.

– ಓದುಗ, ಕುಮಟಾ