ಡಿಸೈನ್ ಆಮೇಲೆ, ಮೊದಲು ಅಮ್ಮನ ಮೊಣಕೈ ಅಳೆಯಿರಿ

ಅಮ್ಮ, ಅಪ್ಪ, ಅಕ್ಕ,

ನಾನು ಚೆನ್ನಾಗಿದ್ದೇನೆ. 3 ವಾರದಿಂದ ಸರಿಯಾಗಿ ಫೋನ್ ಮಾಡಿಲ್ಲ ಅಂತ ಅಮ್ಮನಿಗೆ ಸಿಟ್ಟು ಬಂದಿದೆಯಂತೆ, ಅಕ್ಕ ಹೇಳಿದಳು. ಸಬ್ಮಿಷನ್ ಇತ್ತಮ್ಮ. ನಿನ್ನೆ ಮುಗಿಯಿತು. 11 ಗಂಟೆ ನಿದ್ದೆ ಹೊಡೆದು ಎದ್ದು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀವು ಮೂವರೂ ಒಟ್ಟಿಗೆ ಮಾತಾಡುತ್ತೀರಿ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ, ಬರೆಯುವುದೇ ವಾಸಿ.

ಮಾವ ಮೆಸೇಜ್ ಮಾಡಿದ್ದರು. "ಇಂಟೀರಿಯರ್ ಓದ್ತಿದ್ದೀಯಲ್ಲ, ನಿಮ್ಮ ಅಡುಗೆಮನೆಗೆ ಒಂದು ಡಿಸೈನ್ ಕಳಿಸು, ಮೇಸ್ತ್ರಿಗೆ ತೋರಿಸಿಬಿಡೋಣ" ಅಂತ. ಅಕ್ಕ ಪಿಂಟರೆಸ್ಟಿನಿಂದ 17 ಫೋಟೋ ಕಳಿಸಿದ್ದಾಳೆ. 17ರಲ್ಲಿ ಒಂದರಲ್ಲೂ ಪಾತ್ರೆ ತೊಳೆದು ಬೋರಲು ಹಾಕಲು ಜಾಗ ಇಲ್ಲ ಅಕ್ಕಾ, ನೋಡಿದೆಯಾ? ಡಿಸೈನ್ ಕಳಿಸುತ್ತೇನೆ, ಇಲ್ಲ ಅನ್ನುವುದಿಲ್ಲ. ಆದರೆ ಈಗಲೇ ಆಗುವುದಿಲ್ಲ. ಯಾಕೆ ಅಂತ ಹೇಳಿದರೆ ಮಾವ ನಗಬಹುದು, ಆದರೂ ಹೇಳುತ್ತೇನೆ.

ಇಲ್ಲಿಗೆ ಬರುವಾಗ ನಾನೂ ಇದು ಬಣ್ಣ, ಕರ್ಟನ್, ಸೋಫಾ ಆರಿಸುವ ಕೋರ್ಸು ಅಂತಲೇ ಅಂದುಕೊಂಡಿದ್ದೆ. ಮೊದಲ ತಿಂಗಳು ಬಣ್ಣದ ಸುದ್ದಿಯೇ ಇಲ್ಲ. ಕೈಗೆ ಒಂದು ಟೇಪು ಕೊಟ್ಟು, ನಿಮ್ಮ ರೂಮನ್ನೇ ಅಳೆದು 1:50ರಲ್ಲಿ (ನಿಜದ 50 ಸೆಂ.ಮೀ. ಕಾಗದದ ಮೇಲೆ 1 ಸೆಂ.ಮೀ.) ಪೆನ್ಸಿಲಿನಲ್ಲಿ ಬರೆದು ತನ್ನಿ ಅಂದರು. ಇಷ್ಟೇನಾ ಅನ್ನಿಸಿತು. ನಾಲ್ಕು ಗೋಡೆ ಅಳೆದೆ, ಬರೆಯಲು ಕೂತೆ, ನಾಲ್ಕನೇ ಗೋಡೆ ಬಂದು ಮೊದಲನೆಯದಕ್ಕೆ ಸೇರಲೇ ಇಲ್ಲ. ಎರಡು ಸಲ ಮತ್ತೆ ಅಳೆದೆ, ಅದೇ ಕಥೆ. ಆಮೇಲೆ ಗೊತ್ತಾಯಿತು, ರೂಮಿನ ಮೂಲೆಗಳು 90 ಡಿಗ್ರಿ ಇರಲೇ ಇಲ್ಲ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದರೆ ಮಾತ್ರ ರೂಮು ಸೊಟ್ಟಗಿರುವುದು ಗೊತ್ತಾಗುತ್ತದೆ. ಕಣ್ಣಿಗೆ ಎಲ್ಲ ರೂಮೂ ನೆಟ್ಟಗೇ ಕಾಣುತ್ತದೆ, ಅದೇ ತೊಂದರೆ.

ಈಗ ಮುಗಿದದ್ದು ದೊಡ್ಡ ಪ್ರಾಜೆಕ್ಟ್. ವೀಲ್‌ಚೇರಿನಲ್ಲಿ ಓಡಾಡುವ, ಒಬ್ಬರೇ ಇರುವ ವಯಸ್ಸಾದವರಿಗೆ 40 ಚದರ ಮೀಟರಿನ ಮನೆ. ವೀಲ್‌ಚೇರ್ ಪೂರ್ತಿ ತಿರುಗಲು ಸುಮಾರು 1500 ಮಿ.ಮೀ. ಅಗಲದ ವೃತ್ತ ಬೇಕು. ಆ ವೃತ್ತವನ್ನು ಕಾಗದದಲ್ಲಿ ಕತ್ತರಿಸಿಕೊಂಡು ಪ್ಲಾನಿನ ಮೇಲೆ ಅಡುಗೆಮನೆ, ಬಚ್ಚಲು, ಮಂಚದ ಪಕ್ಕ ಎಲ್ಲ ಕಡೆ ಸರಿಸುತ್ತಾ ಸುಮಾರು 10 ದಿನ ಕಳೆದೆ. ಎಲ್ಲ ಕಡೆ ಕೂತಿತು. ಮಾಡೆಲ್ ಕೂಡ ಚೆನ್ನಾಗಿ ಬಂತು. ಫೋಮ್ ಬೋರ್ಡು ಕತ್ತರಿಸುವಾಗ ಹೆಬ್ಬೆರಳು ಸ್ವಲ್ಪ ಕೊಯ್ದುಕೊಂಡೆ, ಗಾಬರಿ ಬೇಡ, ನಮ್ಮ ಸ್ಟುಡಿಯೋದಲ್ಲಿ ಬೆರಳಿಗೆ ಪಟ್ಟಿ ಇಲ್ಲದವರೇ ಕಡಿಮೆ. ಮೊಂಡಾದ ಬ್ಲೇಡ್ ಬದಲಾಯಿಸದೆ ಒತ್ತಿ ಎಳೆದರೆ ಹೀಗೇ ಆಗುವುದು, ತಪ್ಪು ನನ್ನದೇ.

ಜ್ಯೂರಿ ದಿನ, ಅಂದರೆ ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ದಿನ, ನನ್ನ ಶೀಟಿನ ಮುಂದೆ ಮೂವರು ನಿಂತರು. ಒಬ್ಬರು ಬಚ್ಚಲ ಬಾಗಿಲನ್ನು ತೋರಿಸಿ ಕೇಳಿದರು, ಇದು ಯಾವ ಕಡೆ ತೆರೆಯುತ್ತದೆ? ಒಳಗೆ ಅಂದೆ. ಒಳಗೆ ಆ ವಯಸ್ಸಾದವರು ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನವರು ಹೇಗೆ ತೆಗೆಯುತ್ತಾರೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜವಾಗಿ ಬಾಯಿ ಕಟ್ಟಿಹೋಯಿತು. ಅಷ್ಟು ದಿನ ವೃತ್ತ ಸರಿಸಿದೆ, ಟೈಲ್ಸ್ ಯಾವುದು ಅಂತ ಯೋಚಿಸಿದೆ, ಆ ಮನುಷ್ಯ ಬೀಳಬಹುದು ಅಂತ ಒಂದು ಸಲವೂ ತಲೆಗೆ ಬರಲಿಲ್ಲ. ಬಾಗಿಲು ಹೊರಗೆ ತೆರೆಯಬೇಕು, ಇಲ್ಲ ಪಕ್ಕಕ್ಕೆ ಜಾರಬೇಕು. ಇಷ್ಟೇ ಉತ್ತರ.

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಬ್ಬರು ಜೇಬಿನಿಂದ ಸ್ಕೇಲ್ ತೆಗೆದು ಮುಂಬಾಗಿಲಿನ ಮೇಲೆ ಇಟ್ಟರು. 900 ಮಿ.ಮೀ. ಬಾಗಿಲು 1:50ರಲ್ಲಿ ಕಾಗದದ ಮೇಲೆ 18 ಮಿ.ಮೀ. ಇರಬೇಕು. 17 ಇತ್ತು! ರಾತ್ರಿ ಪ್ರಿಂಟಿಗೆ ಕ್ಯೂ ಇತ್ತು, ಆತುರದಲ್ಲಿ 'ಫಿಟ್ ಟು ಪೇಜ್' ಒತ್ತಿಬಿಟ್ಟಿದ್ದೆ, ಕಂಪ್ಯೂಟರು ಇಡೀ ಮನೆಯನ್ನು ಕಾಗದಕ್ಕೆ ಹಿಡಿಸಲು ಕುಗ್ಗಿಸಿತ್ತು. ಕಾಗದದ ಮೇಲೆ 1 ಮಿ.ಮೀ. ಅಂದರೆ ಕಟ್ಟುವಾಗ 5 ಸೆಂ.ಮೀ. ಅಪ್ಪ, ನೀವು ಲೆಕ್ಕದಲ್ಲಿ ಒಂದು ಪೈಸೆ ಬಿಡಬೇಡ ಅನ್ನುತ್ತಿದ್ದದ್ದು ಅಲ್ಲೇ ನೆನಪಾಯಿತು. ಪಾಸಾದೆ, ಅದನ್ನು ಮೊದಲೇ ಹೇಳಬೇಕಿತ್ತು ಅಲ್ವಾ?

ಅಡುಗೆಮನೆ ವಿಷಯಕ್ಕೆ ಬರುತ್ತೇನೆ. ಇತಿಹಾಸದ ಕ್ಲಾಸಿನಲ್ಲಿ ಫ್ರಾಂಕ್‌ಫರ್ಟ್ ಅಡುಗೆಮನೆ ಬಗ್ಗೆ ಓದಿದೆವು. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್‌ಕಿ ಅನ್ನುವ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾಡಿದ್ದು. ಅಗಲ 1.9 ಮೀಟರು, ಉದ್ದ 3.4 ಮೀಟರು, ಅಷ್ಟೇ. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಅಡುಗೆ ಹೇಗೆ ಮಾಡುತ್ತಾರೆ ಅಂತ ನೋಡಿ, ಒಂದು ಕೆಲಸದಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ ಅಂತ ಲೆಕ್ಕ ಹಾಕಿ ಮಾಡಿದ್ದಾರೆ. ಸುಮಾರು 10,000 ಮನೆಗಳಿಗೆ ಹಾಕಿದರು. ಕೂತು ಕೆಲಸ ಮಾಡಲು ತಿರುಗುವ ಸ್ಟೂಲು ಬೇರೆ ಇತ್ತು. ಇವತ್ತು ನಾವು ಮಾಡ್ಯುಲರ್ ಅಂತ ಹೇಳಿ ಮಾಡಿಸುವುದರ ಅಜ್ಜಿ ಅದು. ತಮಾಷೆ ಅಂದರೆ, ಇದನ್ನು ಮಾಡುವ ತನಕ ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಆಕೆಯೇ ಆಮೇಲೆ ಹೇಳಿಕೊಂಡಿದ್ದಾರೆ. ಅಮ್ಮ, ನೀನು ನಗುತ್ತಿದ್ದೀಯ ಅಂತ ಗೊತ್ತು. ಅದರ ಮೇಲೆ ಒಂದು ದೂರೂ ಇದೆ: ಒಬ್ಬರೇ ನಿಂತು ಕೆಲಸ ಮಾಡುವಷ್ಟೇ ಜಾಗ, ಸಹಾಯಕ್ಕೆ ಇನ್ನೊಬ್ಬರು ಬಂದರೆ ಅಡ್ಡ. ನನಗೆ ಆ ದೂರು ಸರಿ ಅನ್ನಿಸಿತು. ಅಕ್ಕನ ಫೋಟೋಗಳಲ್ಲೂ ಅದೇ ಕಂಡಿತು, ಎಲ್ಲ ಒಬ್ಬರ ಅಡುಗೆಮನೆ.

ಆದ್ದರಿಂದ ಅಕ್ಕಾ, ಫೋಟೋ ಸಾಕು. ಅಳತೆ ಕಳಿಸು. ಇಂಚು ಬೇಡ, ಸೆಂಟಿಮೀಟರಿನಲ್ಲಿ. ಗೋಡೆಯ ಉದ್ದವನ್ನು ನೆಲದ ಹತ್ತಿರ ಒಮ್ಮೆ, ಕಟ್ಟೆ ಎತ್ತರದಲ್ಲಿ ಒಮ್ಮೆ ಅಳೆ, ಎರಡೂ ಒಂದೇ ಬರುತ್ತದೆ ಅಂತ ಅಂದುಕೊಳ್ಳಬೇಡ. ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ಎರಡೂ ಬೇಕು. ಕಿಟಕಿ ನೆಲದಿಂದ ಎಷ್ಟು ಎತ್ತರದಲ್ಲಿ ಶುರುವಾಗುತ್ತದೆ, ನೀರಿನ ಪೈಪು ಎಲ್ಲಿ ಹೊರಗೆ ಬಂದಿದೆ, ಪ್ಲಗ್ ಪಾಯಿಂಟ್ ಎಲ್ಲೆಲ್ಲಿ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ (ನಗಬೇಡ). ಟೈಲ್ಸ್ ಬಣ್ಣ ಅಂಗಡಿಯ ದೀಪದ ಕೆಳಗೆ ಒಪ್ಪಿಕೊಂಡು ಬರಬೇಡಿ. ಒಂದು ತುಂಡು ಮನೆಗೆ ತಂದು ಹಗಲಲ್ಲಿ ಒಮ್ಮೆ, ರಾತ್ರಿ ನಮ್ಮ ದೀಪದಲ್ಲಿ ಒಮ್ಮೆ ನೋಡಿ. ಬೇರೆ ಬೆಳಕಿನಲ್ಲಿ ಅದೇ ಬಣ್ಣ ಬೇರೆಯೇ ಕಾಣುತ್ತದೆ.

ಇನ್ನು ಮುಖ್ಯವಾದದ್ದು. ಕಟ್ಟೆ ಎತ್ತರ. ಮೇಸ್ತ್ರಿ 85, 90 ಸೆಂ.ಮೀ. ಅಂತ ರೂಢಿ ಲೆಕ್ಕ ಹೇಳುತ್ತಾರೆ, ಮಾವ ತಲೆ ಆಡಿಸುತ್ತಾರೆ. ಕಟ್ಟೆ ಮುಂದೆ ನಿಂತು ದುಡಿಯುವುದು ಅವರಿಬ್ಬರೂ ಅಲ್ಲ. ನಿಂತು ಕೈ ಮಡಚಿದಾಗ ಮೊಣಕೈ ಎಷ್ಟು ಎತ್ತರದಲ್ಲಿರುತ್ತದೋ ಅದಕ್ಕಿಂತ 10ರಿಂದ 15 ಸೆಂ.ಮೀ. ಕೆಳಗೆ ಕಟ್ಟೆ ಇದ್ದರೆ ಹೆಚ್ಚುವ ಕೆಲಸಕ್ಕೆ ಹಿತ. ಅಮ್ಮನ ಎತ್ತರ 5 ಅಡಿ, ಅಂದರೆ ಮೊಣಕೈ 95 ಸೆಂ.ಮೀ. ಆಸುಪಾಸು ಇರಬೇಕು. 90ರ ಕಟ್ಟೆಯಲ್ಲಿ ಅವಳು ಇಡೀ ದಿನ ಭುಜ ಎತ್ತಿಕೊಂಡೇ ಕೆಲಸ ಮಾಡಬೇಕಾಗುತ್ತದೆ. ಒಲೆ ಇಡುವ ಜಾಗ ಇನ್ನೂ ಸ್ವಲ್ಪ ತಗ್ಗಲ್ಲಿರಲಿ, ಪಾತ್ರೆಯ ಎತ್ತರವೂ ಮೇಲೆ ಸೇರುತ್ತದೆ. ಸಿಂಕು ಮಾತ್ರ ಉಲ್ಟಾ, ಅದರಲ್ಲಿ ಕೈ ಕೆಲಸ ಮಾಡುವುದು ತಳದಲ್ಲಿ, ಅದಕ್ಕೆ ಅಂಚು ಕಟ್ಟೆಗಿಂತ ತುಸು ಮೇಲಿದ್ದರೆ ಬಗ್ಗುವುದು ತಪ್ಪುತ್ತದೆ. ಮೂರು ಎತ್ತರ ಅಂದರೆ ಮೇಸ್ತ್ರಿ ಗೊಣಗುತ್ತಾರೆ, ಕಲ್ಲು ಕೂರಿಸುವುದು ಕಷ್ಟ ಅನ್ನುತ್ತಾರೆ. ಗೊಣಗಲಿ. ಎರಡಕ್ಕಾದರೂ ಒಪ್ಪಿಸು, ಅಪ್ಪ ನಿನ್ನ ಜೊತೆ ನಿಲ್ಲುತ್ತಾರೆ.

ಅಮ್ಮನನ್ನು ಅಳೆಯುವಾಗ ಒಂದು ಎಚ್ಚರಿಕೆ. ಟೇಪು ಕಂಡರೆ ಅವಳು ಫೋಟೋಗೆ ನಿಂತ ಹಾಗೆ ಬೆನ್ನು ನೆಟ್ಟಗೆ ಮಾಡಿಬಿಡುತ್ತಾಳೆ, 2 ಸೆಂ.ಮೀ. ಜಾಸ್ತಿ ಬರುತ್ತದೆ. ಅವಳು ಏನೋ ಹೆಚ್ಚುತ್ತಾ ನಿಂತಿರುವಾಗ, ಬೇರೆ ಮಾತಾಡುತ್ತಾ ಸುಮ್ನೆ ಹೋಗಿ ಅಳೆದುಬಿಡು. ಈ ಪತ್ರವನ್ನು ಅವಳಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟು ಓದು.

ಭಾನುವಾರ ಫೋನ್ ಮಾಡುತ್ತೇನೆ.