13 ವಾರ ತುಂಬದೆ ಇನ್ನು ಮರಿ ಕೊಡುವುದಿಲ್ಲ

ಪ್ರಿಯ ಗ್ರಾಹಕರೇ,

ಉಡುಪಿಯ ನಮ್ಮ ಬೆಕ್ಕಿನ ಮನೆಯಿಂದ ಪರ್ಷಿಯನ್ ಮರಿಗಳನ್ನು ಒಯ್ದವರಿಗೂ, ಮುಂಗಡ ಕೊಟ್ಟು ಕಾಯುತ್ತಿರುವವರಿಗೂ ಈ ಪತ್ರ. ಸುತ್ತಿ ಬಳಸದೆ ಹೇಳಿಬಿಡುತ್ತೇವೆ. ಇದುವರೆಗೆ 8 ವಾರಕ್ಕೆ ಕೊಡುತ್ತಿದ್ದ ಮರಿಗಳನ್ನು ಇನ್ನು 13 ವಾರ ತುಂಬಿದ ಮೇಲೆಯೇ ಕೊಡುತ್ತೇವೆ. ಒಂದು ತಾಯಿ ಬೆಕ್ಕಿನಿಂದ ವರ್ಷಕ್ಕೆ ಒಂದೇ ಸೂಲು. ಮರಿಯ ಬೆಲೆ 15,000 ರೂಪಾಯಿಯಿಂದ 19,000ಕ್ಕೆ ಏರುತ್ತದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ ಇರುತ್ತದೆ. ಕಾಯುವ ಮನಸ್ಸಿಲ್ಲದವರಿಗೆ ಕೊಟ್ಟ ಹಣ ಪೂರ್ತಿ ವಾಪಸ್.

ಕಳೆದ ಮಳೆಗಾಲದಲ್ಲಿ ನಮ್ಮಿಂದ ಹೋದ ಮೂರು ಮರಿಗಳು ಹದಿನೈದು ದಿನದೊಳಗೆ ಸತ್ತವು. ವಾಂತಿ, ಭೇದಿ, ಆಮೇಲೆ ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕುಡಿಯದೆ ಕೂರುವುದು. ಪ್ಯಾನ್‌ಲ್ಯುಕೋಪೀನಿಯ, ಅಂದರೆ ಬೆಕ್ಕುಗಳಿಗೆ ಬರುವ ಒಂದು ವೈರಸ್ ರೋಗ ಎಂದರು ವೈದ್ಯರು. ಮರಿ ಒಯ್ದವರು ಫೋನ್ ಮಾಡಿದಾಗ, ಹೊಸ ಮನೆಯ ನೀರು ಒಗ್ಗಿರಲಿಕ್ಕಿಲ್ಲ ಎಂದು ಜಾರಿಕೊಂಡವರು ನಾವು. ಅದು ತಪ್ಪು. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ನಾಟುವುದಿಲ್ಲ. ಆ ರಕ್ಷಣೆ ಕರಗುವ ದಿನ ಮರಿಯಿಂದ ಮರಿಗೆ ಬೇರೆ. ಆದ್ದರಿಂದ 8ನೇ ವಾರದ ಒಂದು ಚುಚ್ಚುಮದ್ದನ್ನು ನಂಬಿ ಮರಿಯನ್ನು ಬಸ್ಸು ಹತ್ತಿಸುವುದೆಂದರೆ ಅರ್ಧ ಮುಚ್ಚಿದ ಕೊಡೆಯಡಿ ನಿಲ್ಲಿಸಿದಂತೆ. ಎರಡನೆಯದನ್ನು 12ನೇ ವಾರಕ್ಕೆ ನಾವೇ ಹಾಕಿಸಿ, ಇನ್ನೊಂದು ವಾರ ನೋಡಿಕೊಂಡು ಕೊಡುತ್ತೇವೆ. 16ನೇ ವಾರದ್ದು ನಿಮ್ಮ ಪಾಲಿಗೆ.

ಈ ವೈರಸ್ ಮನೆಯೊಳಗೆ ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್‌ಗೆ ಜಗ್ಗುವುದಿಲ್ಲ, ಮೇಲಾಗಿ ಫಿನಾಯಿಲ್ ಬೆಕ್ಕಿಗೇ ವಿಷ. ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ನೆಲ ಒರೆಸಬೇಕು. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಬೆಕ್ಕು ಹೀಗೆ ಸತ್ತಿದ್ದರೆ ದಯವಿಟ್ಟು ಮುಚ್ಚಿಡದೆ ಹೇಳಿ. ಮರಿ ಕೊಡುವುದಿಲ್ಲ ಎನ್ನುವುದಿಲ್ಲ, ತಡ ಮಾಡುತ್ತೇವೆ ಅಷ್ಟೆ.

ಇನ್ನು ಸೂಲಿನ ಮಾತು. ಬೆಕ್ಕಿನ ಬೆದೆ ಬೆಳಕನ್ನು ನೆಚ್ಚಿಕೊಂಡದ್ದು. ಹಗಲು ತೀರಾ ಕುಗ್ಗುವ ಚಳಿದೇಶಗಳಲ್ಲಿ ಅದಕ್ಕೆ ತಾನಾಗಿಯೇ ಕೆಲವು ತಿಂಗಳ ಬಿಡುವು. ನಮ್ಮ ಕರಾವಳಿಯಲ್ಲಿ ಡಿಸೆಂಬರ್‌ನಲ್ಲೂ ಹಗಲು 11 ಗಂಟೆಗಿಂತ ಹೆಚ್ಚು. ಅದರ ಮೇಲೆ ನಾವು ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಸುತ್ತಿದ್ದೆವು. ಬೆಕ್ಕುಗಳ ಪಾಲಿಗೆ ವರ್ಷವಿಡೀ ಬೇಸಿಗೆ. ಮಲ್ಲಿ ಎಂಬ ನಮ್ಮ ಬೂದುಬಣ್ಣದ ತಾಯಿ ಒಂದೇ ವರ್ಷದಲ್ಲಿ ಎರಡನೇ ಸೂಲು ಮುಗಿಸುವಾಗ 3.6 ಕಿಲೋದಿಂದ 2.9ಕ್ಕೆ ಇಳಿದಿದ್ದಳು. ಉದ್ದ ಕೂದಲಿನೊಳಗೆ ಏನೂ ಕಾಣುತ್ತಿರಲಿಲ್ಲ. ಬೆನ್ನ ಮೇಲೆ ಕೈಯಾಡಿಸಿದರೆ ರುದ್ರಾಕ್ಷಿ ಸರ ಮುಟ್ಟಿದಂತಾಗುತ್ತಿತ್ತು. ಗಂಡಿನಿಂದ ದೂರವಿಟ್ಟರೆ ಸಾಕಲ್ಲವೇ ಎಂದು ಕೇಳುತ್ತೀರಿ. ಬೆದೆ ಮೇಲಿಂದ ಮೇಲೆ ಬರಿದೇ ಬಂದು ಹೋಗುವುದೂ ಗರ್ಭಕೋಶಕ್ಕೆ ಒಳ್ಳೆಯದಲ್ಲವಂತೆ. ಹಾಗಾಗಿ ವಿಶ್ರಾಂತಿಯ ಕೋಣೆಗೆ ಕಪ್ಪು ಪರದೆ ಹಾಕಿದ್ದೇವೆ. ಬೆಳಿಗ್ಗೆ ಎಂಟಕ್ಕೆ ಸರಿಸುತ್ತೇವೆ, ಸಂಜೆ ಐದಕ್ಕೆ ಎಳೆಯುತ್ತೇವೆ. ಮಲ್ಲಿ ಈಗ ಆ ಕೋಣೆಯ ಮೇಲಿನ ಹಲಗೆಯಲ್ಲಿ ನಿದ್ದೆ ಹೊಡೆಯುತ್ತಾಳೆ.

ಮೊದಲು ಹನ್ನೊಂದು ಹೆಣ್ಣುಗಳು ಒಂದೇ ಹಜಾರದಲ್ಲಿದ್ದವು. ಈಗ ಕೋಣೆಗೆ ಮೂರು, ಮಲಮೂತ್ರಕ್ಕೆಂದು ಪ್ರತಿ ಬೆಕ್ಕಿಗೂ ಮಣ್ಣು ತುಂಬಿದ ಒಂದೊಂದು ತಟ್ಟೆ, ಮೇಲೊಂದು ಹೆಚ್ಚಿನದು. ಬೆಕ್ಕುಗಳ ಕೊರೋನಾ ವೈರಸ್ ಹರಡುವುದೇ ಹಂಚಿಕೊಂಡ ತಟ್ಟೆಯ ಮಲದಿಂದ. ಬಹುತೇಕ ಬೆಕ್ಕುಗಳಿಗೆ ಅದರಿಂದ ಏನೂ ಆಗದು, ಆದರೆ ಕೆಲವು ಮರಿಗಳಲ್ಲಿ ಅದೇ ಹೊಟ್ಟೆಯಲ್ಲಿ ನೀರು ತುಂಬಿಸುವ ಮಾರಿಯಾಗುತ್ತದೆ. ಬಾಣಂತಿಗೆ ಪ್ರತ್ಯೇಕ ಕೋಣೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತನ್ನು ಹಜಾರದಲ್ಲಿ ಕಣ್ಣಾರೆ ಕಂಡಿದ್ದೆವು. ಅದು ಸಂಪ್ರದಾಯವಲ್ಲ, ಗಾಬರಿ. ಕೋಣೆ ಬೇರೆಯಾದ ಮೇಲೆ ಒಬ್ಬಳು ಮಾತ್ರ ಒಮ್ಮೆ ಮರಿಗಳನ್ನು ಒಗೆಯುವ ಬಟ್ಟೆಯ ಬುಟ್ಟಿಗೆ ಸಾಗಿಸಿದಳು.

ಗಂಡುಗಳಲ್ಲಿ ಸುಲ್ತಾನನ ಮರಿ ಬೇಕೆಂದು ಕೇಳುವವರಿದ್ದೀರಿ. ಸ್ಕ್ಯಾನಿಂಗ್‌ನಲ್ಲಿ ಅವನ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಕಂಡವು. ಪರ್ಷಿಯನ್ ತಳಿಯಲ್ಲಿ ವಂಶದಿಂದ ಇಳಿಯುವ ಕಾಯಿಲೆ ಅದು; ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಸುಮಾರು ಅರ್ಧ ಮರಿಗಳಿಗೆ ಬರುತ್ತದೆ. ಅವನಿಂದ ಇನ್ನು ಮರಿಗಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದ್ದೇವೆ, ಜಗಲಿಯಲ್ಲಿ ದೊರೆಯಂತೆಯೇ ಇದ್ದಾನೆ. ಉಳಿದ ಎಲ್ಲವನ್ನೂ ಪರೀಕ್ಷೆ ಮಾಡಿಸಿದ ಖರ್ಚೂ ಹೊಸ ಬೆಲೆಯೊಳಗಿದೆ.

ಊಟದಲ್ಲೂ ಬದಲಾವಣೆಯಿದೆ. ಮಲ್ಪೆ ಬಂದರು ಹತ್ತಿರ, ಬೂತಾಯಿ ಅಗ್ಗ ಎಂದು ಅನ್ನಕ್ಕೆ ಮೀನು ಕಲಸಿ ಹಾಕುತ್ತಿದ್ದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದೆ ಇರುವಾಗ ಬೆಕ್ಕುಗಳು ಉಪವಾಸ ಸತ್ಯಾಗ್ರಹ ಹೂಡುತ್ತಿದ್ದವು. ಬೆಂಗಳೂರಿಗೆ ಹೋದ ಮರಿಗಳದ್ದೂ ಅದೇ ಹಟ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಹಸಿ ಬೂತಾಯಿ ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ. ಎಣ್ಣೆಯಂಶದ ಮೀನೇ ದಿನದ ಊಟವಾದರೆ ಇ ಜೀವಸತ್ವ ಸಾಲದೆ ಮೈಯ ಕೊಬ್ಬೇ ಹಳದಿಗಟ್ಟಿ ನೋಯುತ್ತದೆ. ಈಗ ನಾಲ್ಕನೇ ವಾರದಿಂದಲೇ ಮರಿಗಳಿಗೆ ನೆನೆಸಿದ ಒಣ ಆಹಾರ, ಜೊತೆಗೆ ಬೇಯಿಸಿದ ಕೋಳಿ. ಬೇಯಿಸಿದ ಮೀನು ಭಾನುವಾರದ ಹಬ್ಬಕ್ಕೆ ಮಾತ್ರ. ಮರಿಯ ಜೊತೆ ಹತ್ತು ದಿನದ ಆಹಾರವನ್ನು ಕಟ್ಟಿಕೊಡುತ್ತೇವೆ.

ಮೊಸರನ್ನದಲ್ಲಿ ಸಾಕಬಹುದೇ ಎಂದು ತಿಂಗಳಿಗೆ ಇಬ್ಬರಾದರೂ ಕೇಳುತ್ತಾರೆ. ಸಾಧ್ಯವಿಲ್ಲ. ಬೆಕ್ಕಿನ ದೇಹ ಟೌರಿನ್ ಎಂಬ ಪೋಷಕಾಂಶವನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದ ಇಲ್ಲವೇ ಅದನ್ನು ಸೇರಿಸಿದ ಬೆಕ್ಕಿನ ಆಹಾರದಿಂದಲೇ ಬರಬೇಕು. ಇಲ್ಲವಾದರೆ ಕಣ್ಣು ಇಲ್ಲವೇ ಹೃದಯ ಕೈಕೊಡುತ್ತದೆ. ಅಡುಗೆಮನೆಯಲ್ಲಿ ಬೇಡವೆಂದರೆ ಒಣ ಆಹಾರದ ಚೀಲವನ್ನು ಬಾಲ್ಕನಿಯಲ್ಲಿಡಿ. ಅದೂ ಆಗದು ಎನ್ನುವವರು ಮೊಲ ಸಾಕಿದರೆ ಇಬ್ಬರಿಗೂ ಸುಖ.

ಮರಿ ನೋಡಲು ಇನ್ನು ಭಾನುವಾರ 10ರಿಂದ 12ರೊಳಗೆ ಮಾತ್ರ ಬನ್ನಿ. ಚಪ್ಪಲಿ ಗೇಟಿನ ಹೊರಗಿರಲಿ, ನಲ್ಲಿಯ ಬಳಿ ಸೋಪು ಇಟ್ಟಿದ್ದೇವೆ. ಅದೇ ದಿನ ಬೇರೆ ಕಡೆಯ ಬೆಕ್ಕುಗಳನ್ನು ಮುಟ್ಟಿ ಬಂದಿದ್ದರೆ ಮುಂದಿನ ವಾರ ಬನ್ನಿ. ಮುಂಗಡ ವಾಪಸ್ ಬೇಕಾದವರು ರಸೀದಿಯ ಫೋಟೊ ಕಳುಹಿಸಿದರೆ ಮೂರು ದಿನದಲ್ಲಿ ಹಣ ತಲುಪುತ್ತದೆ.

ಇಂತಿ ನಿಮ್ಮ,
ಬೆಕ್ಕಿನ ಮನೆಯವರು, ಉಡುಪಿ