ಹಲ್ಲು ಉಳಿಸಿಕೊಳ್ಳಲೂ ಕಾರ್ಡ್ ನಡೆಯಲಿ

ಮಾನ್ಯರೇ,

ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದು ಸಣ್ಣ ಮಾತಲ್ಲ. ಹಾರ್ಟಿನ ಆಪರೇಷನ್ ಆಗಿ ಮತ್ತೆ ಹೊಲಕ್ಕೆ ಹೋಗುತ್ತಿರುವವರು ನಮ್ಮ ಓಣಿಯಲ್ಲೇ ಇದ್ದಾರೆ. ಆದರೆ ಹಲ್ಲುನೋವು ಅಂತ ಹೋದರೆ ಕಾರ್ಡ್ ಕೈಯಲ್ಲೇ ಉಳಿಯುತ್ತದೆ.

ನಮ್ಮ ಚಿಕ್ಕಮ್ಮನಿಗೆ ದವಡೆ ಹಲ್ಲು ಹುಳುಕಾಗಿ ಕೆನ್ನೆ ಬಾತಿತ್ತು. ಲವಂಗದ ಎಣ್ಣೆಯ ಅರಳೆ ಒತ್ತಿಕೊಂಡೇ ಮುಂಡರಗಿಯಿಂದ ಬಸ್ ಹತ್ತಿ ಒಂದು ಆಸ್ಪತ್ರೆಗೆ ಹೋದರು. ರೂಟ್ ಕೆನಾಲ್ ಮಾಡಿದರೆ ಹಲ್ಲು ಉಳಿಯುತ್ತದೆ ಎಂದರು ಡಾಕ್ಟರು. ಇದಕ್ಕೆ ಕಾರ್ಡ್ ಬರೋದಿಲ್ಲ ಎಂದರು ಕೌಂಟರಿನವರು. ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಸೇರಿ ಎಷ್ಟಾಗುತ್ತದೆ ಎಂದು ಕೇಳಿದ ಮೇಲೆ, ಕೂಲಿ ಮಾಡುವ ಚಿಕ್ಕಮ್ಮ ‘ಹಂಗಾರ ಕಿತ್ತೇಬಿಡ್ರಿ’ ಎಂದರು. ಈಗ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಮಗ್ಗುಲಲ್ಲಿ ಅಗಿಯುತ್ತಾರೆ. ಖಡಕ್ ರೊಟ್ಟಿ ತಿನ್ನುವ ಸೀಮೆ ನಮ್ಮದು. ಉಳಿಯಬಹುದಾಗಿದ್ದ ಹಲ್ಲು ಹೋಯಿತಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಹುಬ್ಬಳ್ಳಿಯ ಫ್ಯಾಕ್ಟರಿಯಲ್ಲಿರುವ ತಮ್ಮನದು ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ. ಸಂಬಳದಲ್ಲಿ 0.75 ಪರ್ಸೆಂಟ್ ಹಿಡಿಯುತ್ತಾರೆ. ಅಡ್ಮಿಟ್ ಆಗದೆ ತೆಗೆದುಕೊಳ್ಳುವ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಅವನು ದುಡ್ಡು ಕೊಡದೆ ಹಲ್ಲು ತುಂಬಿಸಿಕೊಂಡು ಬಂದ. ಅವನ ಬೇಸರವೆಲ್ಲ ಓಡಾಟದ್ದು, ರಜೆ ಹಾಕಬೇಕಾದದ್ದು. ಖಾಸಗಿ ವಿಮೆ ಇದ್ದವರೂ ಸುಮ್ನೆ ಖುಷಿಪಡುವಂತಿಲ್ಲ. ಬಹಳಷ್ಟು ಪಾಲಿಸಿಗಳಲ್ಲಿ ಅಪಘಾತದಿಂದ ಹಲ್ಲಿಗೆ ಪೆಟ್ಟಾದರೆ ಮಾತ್ರ ಹಣ ಸಿಗುತ್ತದೆ.

ಇದಕ್ಕೆ ಮೂಲ ಒಂದೇ. ಇಎಸ್‌ಐ ಬಿಟ್ಟರೆ, ಆಯುಷ್ಮಾನ್ ಕಾರ್ಡ್ ಆಗಲಿ ಖಾಸಗಿ ವಿಮೆ ಆಗಲಿ ಮಾಡಿದ್ದು ಹೆಚ್ಚಾಗಿ ಅಡ್ಮಿಟ್ ಆಗುವ ರೋಗಿಗಾಗಿ. ಹಲ್ಲಿನ ಕೆಲಸ ಕುರ್ಚಿಯಲ್ಲೇ ಮುಗಿಯುತ್ತದೆ. ಹಾಗಾಗಿ ಚಿಕ್ಕಮ್ಮನಂಥವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಚಿಕಿತ್ಸೆ ಸಮಾಧಾನ ತಂದಿತಾ ಎಂದು ಅವರನ್ನು ಯಾರೂ ಕೇಳುವುದೂ ಇಲ್ಲ.

2014ರಲ್ಲಿ ದಂತಭಾಗ್ಯ ಯೋಜನೆ ತಂದು ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಟ್ಟ ರಾಜ್ಯ ನಮ್ಮದು. ನಿಜಕ್ಕೂ ಒಳ್ಳೆಯ ಕೆಲಸ ಅದು. ಹಲ್ಲು ಬಾಯಲ್ಲಿರುವಾಗಲೇ ಅಷ್ಟು ಕಾಳಜಿ ತೋರಿಸಬಹುದು ಅಲ್ವಾ?

ಹಲ್ಲು ತುಂಬುವುದು, ರೂಟ್ ಕೆನಾಲ್, ಕ್ಯಾಪ್ ಇವಿಷ್ಟಕ್ಕೆ ದರ ಗೊತ್ತುಮಾಡಿ ಕಾರ್ಡಿಗೆ ಸೇರಿಸಲಿ. ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಲಿ, ಅಲ್ಲಿ ಆಗದ್ದನ್ನು ಧಾರವಾಡದ ದಂತ ಕಾಲೇಜಿಗೆ ಕಳಿಸಲಿ. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಿದ್ದು ಮಕ್ಕಳ ಹಲ್ಲೇ ಕಂದಾಗುವ ಮುಂಡರಗಿ ಕಡೆಯಿಂದಲೇ ಶುರುಮಾಡಲಿ. ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಶಾಸಕರು ಬರುವ ಅಧಿವೇಶನದಲ್ಲಿ ಇದನ್ನು ಕೇಳಬೇಕು.

– ಓದುಗರೊಬ್ಬರು, ಮುಂಡರಗಿ, ಗದಗ ಜಿಲ್ಲೆ